ಹಂಚಿನ ಕಾರ್ಖಾನೆಯೂ ಸಭೆಯೂ: ಕರಾವಳಿಯಲ್ಲಿ ಬಾಸೆಲ್ ಮಿಶನ್ನಿನ ಸೇವೆಯ ಫಲಾಫಲಗಳು

ಪರದೇಶದಲ್ಲಿ ನಡೆದ ಸುವಾರ್ತಾ ಸೇವೆಯ ಫಲಾಫಲಗಳನ್ನು ವಿಚಾರಿಸುವಾಗ ನಾವು ಸಾಮಾನ್ಯವಾಗಿ ಎರಡು ಪಟ್ಟಿಗಳನ್ನು ಬರೆಯುತ್ತೇವೆ. ಒಂದರಲ್ಲಿ ಶಾಲೆಗಳು, ಮುದ್ರಣಾಲಯ, ನಿಘಂಟು, ದೀಕ್ಷಾಸ್ನಾನಗಳು ಬರುತ್ತವೆ. ಇನ್ನೊಂದರಲ್ಲಿ ಅಕಾಲ ಮರಣಗಳು, ವಿರೋಧ, ಕೈಬಿಟ್ಟ ಠಾಣೆಗಳು, ಹಿಂದೆ ಸರಿದವರ ಹೆಸರುಗಳು ಬರುತ್ತವೆ. ನಮ್ಮ ಶತಮಾನೋತ್ಸವದ ಸಂಚಿಕೆಗಳು ಮೊದಲನೆಯ ಪಟ್ಟಿಯನ್ನು ಪ್ರೀತಿಯಿಂದ ಓದುತ್ತವೆ; ಟೀಕಾಕಾರರು ಎರಡನೆಯದನ್ನು ಎತ್ತಿ ತೋರಿಸುತ್ತಾರೆ. ಇವೆರಡರಲ್ಲಿ ಯಾವುದರಲ್ಲಿಯೂ ನೆಮ್ಮದಿಯಾಗಿ ಕುಳಿತುಕೊಳ್ಳದ ಒಂದು ಸಂಗತಿ ನಮ್ಮ ಕರಾವಳಿಯ ಸಭೆಯ ಚರಿತ್ರೆಯಲ್ಲಿದೆ. ಅದು ಬಾಸೆಲ್ ಮಿಶನ್ನಿನ ಕೈಗಾರಿಕೆ. ಅದನ್ನು ವರವೆಂದು ಕರೆದವರ ಮಾತಿಗೂ ಭಾರವೆಂದು ಕರೆದವರ ಮಾತಿಗೂ ಆಧಾರಗಳಿವೆ. ಅದು ಹೇಗೆ ಹುಟ್ಟಿತು, ಸಭೆಗೆ ಏನು ಕೊಟ್ಟಿತು, ಸಭೆಯಿಂದ ಏನನ್ನು ಕಸಿದುಕೊಂಡಿತು, ಮಿಶನರಿಗಳು ಈ ನಾಡನ್ನು ಬಿಟ್ಟುಹೋಗಬೇಕಾದಾಗ ಏನು ಉಳಿಯಿತು ಎಂಬುದನ್ನು ಈ ಪ್ರಬಂಧದಲ್ಲಿ ಪರಿಶೀಲಿಸಲು ಉದ್ದೇಶಿಸಿದ್ದೇವೆ.

ಆರಂಭದ ದಿನಗಳು

ಸ್ವಿಟ್ಜರ್ಲೆಂಡಿನ ಬಾಸೆಲ್ ನಗರದಲ್ಲಿ 1815ರಲ್ಲಿ ಸ್ಥಾಪಿತವಾದ ಈ ಮಿಶನ್ನಿನ ಬೇರುಗಳು ಜರ್ಮನಿಯ ವ್ಯೂರ್ಟೆಂಬರ್ಗ್ ಪ್ರಾಂತದ ಭಕ್ತಿಪಂಥದಲ್ಲಿದ್ದವು. ಅದರ ಸೇವಕರಲ್ಲಿ ಬಹುಮಂದಿ ರೈತರ ಮತ್ತು ಕೈಕಸುಬಿನವರ ಮಕ್ಕಳು. 1833ರಲ್ಲಿ ಈಸ್ಟ್ ಇಂಡಿಯಾ ಕಂಪನಿಯ ಸನ್ನದು ನವೀಕರಣವಾದಾಗ ಬ್ರಿಟಿಷರಲ್ಲದ ಮಿಶನರಿಗಳಿಗೂ ಭಾರತದ ಬಾಗಿಲು ತೆರೆಯಿತು. ಮರುವರ್ಷ ಸಾಮುವೇಲ್ ಹೆಬಿಕ್, ಯೋಹಾನ್ ಲೇನರ್ ಮತ್ತು ಕ್ರಿಸ್ಟಿಯನ್ ಗ್ರೈನರ್ ಎಂಬ ಮೂವರು ಕಲ್ಲಿಕೋಟೆಯಲ್ಲಿ ಇಳಿದು, 1834ರ ಅಕ್ಟೋಬರ್ 30ರಂದು ಮಂಗಳೂರನ್ನು ಸೇರಿದರು. 1836ರಲ್ಲಿ ಹೆರ್ಮನ್ ಮೊಗ್ಲಿಂಗ್ ಬಂದರು. 1837ರಲ್ಲಿ ಧಾರವಾಡದಲ್ಲಿಯೂ 1839ರಲ್ಲಿ ಹುಬ್ಬಳ್ಳಿಯಲ್ಲಿಯೂ ಠಾಣೆಗಳು ಆರಂಭವಾದವು. 1841ರಲ್ಲಿ ಮಂಗಳೂರಿನಲ್ಲಿ ಕಲ್ಲಚ್ಚಿನ ಮುದ್ರಣ ಮೊದಲಾಯಿತು. 1843ರ ಜುಲೈ 1ರಂದು ಮೊಗ್ಲಿಂಗರ 'ಮಂಗಳೂರ ಸಮಾಚಾರ' ಹೊರಬಂದಿತು. 1847ರಲ್ಲಿ ಬಲ್ಮಠದಲ್ಲಿ ಉಪದೇಶಿಗಳನ್ನು ತಯಾರಿಸುವ ಸೆಮಿನರಿ ತೆರೆಯಿತು.

ಈ ವರ್ಷಗಳ ಕೆಲಸವನ್ನು ಓದುವವರಿಗೆ ಅದರ ವೇಗ ಆಶ್ಚರ್ಯವನ್ನು ಉಂಟುಮಾಡುತ್ತದೆ. ಆದರೆ ಸಭೆಯು ಆ ವೇಗದಲ್ಲಿ ಬೆಳೆಯಲಿಲ್ಲ. ದೀಕ್ಷಾಸ್ನಾನ ಹೊಂದಿದ ಮನುಷ್ಯನು ಮರುದಿನ ಏನು ಉಣ್ಣಬೇಕು, ಎಲ್ಲಿ ಮಲಗಬೇಕು ಎಂಬ ಪ್ರಶ್ನೆಗೆ ಬಾಸೆಲ್ಲಿನ ಪಾಠಗಳಲ್ಲಿ ಉತ್ತರವಿರಲಿಲ್ಲ.

ನೆಲವನ್ನು ಕಳೆದುಕೊಂಡವರು

ತುಳುನಾಡಿನಲ್ಲಿ ಕ್ರೈಸ್ತ ಸಭೆಯನ್ನು ಸೇರಿದವರಲ್ಲಿ ಬಿಲ್ಲವರು ದೊಡ್ಡ ಪಾಲು. ತಾಳೆ ತೆಂಗುಗಳ ಮೂರ್ತೆಯೂ ಸಣ್ಣ ಹಿಡುವಳಿಯ ಬೇಸಾಯವೂ ಅವರ ಜೀವನೋಪಾಯ. ಕಳ್ಳು ಇಳಿಸುವ ಕಸುಬನ್ನು ಮಿಶನ್ ತನ್ನ ಸದಸ್ಯರಿಗೆ ಒಪ್ಪಲಿಲ್ಲ. ಆದ್ದರಿಂದ ವಿಶ್ವಾಸವನ್ನು ಸ್ವೀಕರಿಸಿದ ದಿನವೇ ಕುಲಕಸುಬು ಕೈಬಿಟ್ಟಿತು. ಭೂಮಿಯ ಸಂಗತಿ ಇನ್ನೂ ಕಠಿಣವಾಗಿತ್ತು. ಚಾಲಗೇಣಿಯ ಒಕ್ಕಲನ್ನು ಧಣಿಯು ಇಷ್ಟಬಂದಾಗ ಬಿಡಿಸಬಹುದಾಗಿತ್ತು. ಗುತ್ತಿನ ಮನೆಯ ಭೂತಸೇವೆಯಲ್ಲಿ ಒಕ್ಕಲಿಗೂ ಪಾಲಿತ್ತು. ಆ ಸೇವೆಯನ್ನು ನಿರಾಕರಿಸಿದವನು ಧಣಿಯ ದೃಷ್ಟಿಯಲ್ಲಿ ಧರ್ಮವನ್ನಷ್ಟೇ ಬಿಟ್ಟವನಾಗಿರಲಿಲ್ಲ, ಒಕ್ಕಲುತನದ ಕಟ್ಟಳೆಯನ್ನೂ ಮುರಿದವನಾಗಿದ್ದನು.

ಕುಟುಂಬದ ಆಸ್ತಿಯಿಂದಲೂ ನೆರವಿರಲಿಲ್ಲ. 1850ರ ಜಾತಿ ಅನರ್ಹತಾ ನಿವಾರಣಾ ಕಾಯಿದೆಯು ಮತಾಂತರದಿಂದ ಉತ್ತರಾಧಿಕಾರದ ಹಕ್ಕು ನಷ್ಟವಾಗದೆಂದು ಹೇಳಿತು. ಆದರೆ ಅಳಿಯಸಂತಾನ ಕಟ್ಟಿನ ಕುಟುಂಬದಲ್ಲಿ ಒಬ್ಬನೇ ನಿಂತು ಪಾಲು ಕೇಳುವ ರೂಢಿಯಿರಲಿಲ್ಲ. ಆಸ್ತಿ ಕುಟುಂಬದ್ದು, ಅನುಭವ ಮನೆಯೊಳಗೆ ಇರುವವರದ್ದು. ಮನೆಯಿಂದ ಹೊರಬಿದ್ದವನಿಗೆ ಕಾಯಿದೆಯ ಮಾತು ಕಾಗದದಲ್ಲಿಯೇ ಉಳಿಯಿತು.

ಮೇಲ್ಜಾತಿಯಿಂದ ಬಂದವರ ಅನುಭವವೂ ಇದಕ್ಕಿಂತ ಬಹಳ ಭಿನ್ನವಾಗಿರಲಿಲ್ಲ. ಸಾರಸ್ವತ ಬ್ರಾಹ್ಮಣ ಮನೆತನದ ಆನಂದರಾವ್ ಕೌಂಡಿನ್ಯರು 1844ರ ಜನವರಿ 6ರಂದು ದೀಕ್ಷಾಸ್ನಾನ ಹೊಂದಿದಾಗ ಮಂಗಳೂರು ಪಟ್ಟಣದಲ್ಲಿ ದೊಡ್ಡ ಕೋಲಾಹಲವೆದ್ದಿತು. ಮೊಗ್ಲಿಂಗರು ಅವರನ್ನು 1846ರಲ್ಲಿ ಬಾಸೆಲ್ಲಿಗೆ ಕರೆದೊಯ್ದರು. ಅಲ್ಲಿನ ವಿದ್ಯಾರ್ಥಿಗಳ ಜೊತೆಯಲ್ಲಿಯೇ ಓದಿ, ಅಭಿಷೇಕ ಹೊಂದಿ, ಕೌಂಡಿನ್ಯರು 1851ರಲ್ಲಿ ಸ್ವದೇಶಕ್ಕೆ ಮರಳಿದರು. ಈ ದೇಶದವನೊಬ್ಬನು ಯುರೋಪಿಯನ್ ಸೇವಕರ ಸಮಾನ ಶಿಕ್ಷಣವನ್ನು ಹೊಂದಬಲ್ಲನೆಂಬುದು ಅಂದೇ ಸಿದ್ಧವಾಯಿತು. ಆದರೆ ಎಲ್ಲರೂ ಕೌಂಡಿನ್ಯರಲ್ಲ. ಎಲ್ಲರಿಗೂ ಬಾಸೆಲ್ಲಿನ ದಾರಿ ತೆರೆದಿರಲಿಲ್ಲ. ನೂರಾರು ಕುಟುಂಬಗಳಿಗೆ ಕೂಲಿ ಬೇಕಾಗಿತ್ತು.

ಮಗ್ಗದಿಂದ ಹಂಚಿನವರೆಗೆ

ಮೊದಲ ಪ್ರಯತ್ನಗಳಲ್ಲಿ ಹಲವು ಸೋತವು. ಗದಗ–ಬೆಟಗೇರಿಯ ಸಮೀಪದ ಮಲಸಮುದ್ರದಲ್ಲಿ ಹೊಸ ವಿಶ್ವಾಸಿಗಳಿಗಾಗಿ ಆರಂಭಿಸಿದ ಬೇಸಾಯದ ವಸಾಹತು ನಿಲ್ಲಲಿಲ್ಲ. ಮಂಗಳೂರಿನಲ್ಲಿ ಮರಗೆಲಸ, ಗಡಿಯಾರದ ಕೆಲಸ ಮುಂತಾದವುಗಳನ್ನು ಕಲಿಸಲು ನೋಡಿದರು. ಅವುಗಳಿಗೆ ಮಾರುಕಟ್ಟೆ ಸಾಲಲಿಲ್ಲ. 1851ರಲ್ಲಿ ಯೋಹಾನ್ ಹಾಲರ್ ಎಂಬ ನೇಕಾರನು ಬಂದ ಮೇಲೆ ನೇಯ್ಗೆ ಬೇರೂರಿತು. ಅದೇ ಕಾಲದಲ್ಲಿ ಮಿಶನ್ನಿನ ಇನ್ಸ್‌ಪೆಕ್ಟರರಾದ ಯೋಸೆಫ್ ಯೋಸೆನ್‌ಹಾನ್ಸರು 1851–52ರಲ್ಲಿ ಭಾರತದ ಠಾಣೆಗಳನ್ನು ಸಂದರ್ಶಿಸಿ, ಸಭೆಗಳಿಗೆ ಕಟ್ಟುನಿಟ್ಟಿನ ನಿಯಮಾವಳಿಯನ್ನು ರೂಪಿಸಿದರು. ಅನಂತರ ಕೈಗಾರಿಕೆಯನ್ನು ನೋಡಿಕೊಳ್ಳಲು ಬಾಸೆಲ್ಲಿನಲ್ಲಿ ಪ್ರತ್ಯೇಕ ಸಮಿತಿಯೂ, 1859ರಲ್ಲಿ ಷೇರುಗಳ ಮೇಲೆ ನಡೆಯುವ ವ್ಯಾಪಾರ ಸಂಸ್ಥೆಯೂ ಏರ್ಪಟ್ಟವು. ವ್ಯಾಪಾರದ ಲಾಭವು ಮಿಶನ್ನಿನ ಸೇವೆಗೆ ನೆರವಾಗಬೇಕೆಂಬುದು ಅದರ ಉದ್ದೇಶ.

ಎಲ್ಲಕ್ಕಿಂತ ದೊಡ್ಡ ಯಶಸ್ಸು ಬಂದುದು ಮಣ್ಣಿನಿಂದ. ಮುದ್ರಣದ ಕೆಲಸವನ್ನು ನೋಡುತ್ತಿದ್ದ ಗೆಯೋರ್ಗ್ ಪ್ಲೆಬ್ಸ್ಟ್ ಎಂಬವರು ನೇತ್ರಾವತಿ ಮತ್ತು ಗುರುಪುರ ಹೊಳೆಗಳ ದಡದ ಜೇಡಿಯನ್ನು ಪರೀಕ್ಷಿಸಿ, ಯುರೋಪಿನಲ್ಲಿ ಆಗ ಬಳಕೆಗೆ ಬಂದಿದ್ದ, ಒಂದಕ್ಕೊಂದು ಕಚ್ಚಿಕೊಳ್ಳುವ ಹಂಚನ್ನು ಇಲ್ಲಿ ಮಾಡಬಹುದೆಂದು ಕಂಡುಕೊಂಡರು. 1865ರಲ್ಲಿ ಜೆಪ್ಪುವಿನಲ್ಲಿ ಮೊದಲ ಕಾರ್ಖಾನೆ ಕೆಲಸವನ್ನು ಆರಂಭಿಸಿತು. ಎತ್ತುಗಳಿಂದ ಮಣ್ಣನ್ನು ಅರೆದು, ಬೆರಳೆಣಿಕೆಯ ಕೆಲಸಗಾರರಿಂದ ದಿನಕ್ಕೆ ಕೆಲವು ನೂರು ಹಂಚುಗಳನ್ನು ಮಾಡುತ್ತಿದ್ದ ಉದ್ಯಮವದು. ಮುಳಿಹುಲ್ಲಿನ ಮಾಡನ್ನು ವರ್ಷವರ್ಷವೂ ಹೊದಿಸಬೇಕಾಗಿದ್ದ, ಬೆಂಕಿಗೆ ಸದಾ ಹೆದರಬೇಕಾಗಿದ್ದ ಊರಿಗೆ ಈ ಕೆಂಪು ಹಂಚು ಸರಿಯಾಗಿ ಒಗ್ಗಿತು. ಜೇಡಿಯನ್ನು ಹೊಳೆಯಿಂದ ತರಲು ದೋಣಿಯಿತ್ತು, ಸುಡಲು ಕಾಡಿನ ಸೌದೆಯಿತ್ತು, ಮುಂಬಯಿಗೆ ಕಳುಹಿಸಲು ಬಂದರಿತ್ತು. ಮುಂದೆ ಕುದ್ರೋಳಿ, ಮಲ್ಪೆಗಳಲ್ಲಿಯೂ ಮಲಬಾರಿನ ಕಲ್ಲಿಕೋಟೆ, ಕೊಡಕ್ಕಲ್, ಪಾಲಕ್ಕಾಡು, ಫೆರೋಕ್‌ಗಳಲ್ಲಿಯೂ ಮಿಶನ್ನಿನ ಹಂಚಿನ ಕಾರ್ಖಾನೆಗಳು ಎದ್ದವು. ಸ್ಥಳೀಯ ಉದ್ಯಮಿಗಳು ಈ ವಿದ್ಯೆಯನ್ನು ಬೇಗನೆ ಕಲಿತರು. ಮಂಗಳೂರು ಹಂಚು ಎಂಬ ಹೆಸರು ಮಿಶನ್ನಿನ ಹೆಸರಿಗಿಂತ ಹೆಚ್ಚು ದೂರ ಹೋಯಿತು.

ಈ ಕೆಲಸದ ಪುಣ್ಯವನ್ನು ನಾವು ಕಡಿಮೆಮಾಡಿ ಹೇಳಬಾರದು. ಕುಲದಿಂದ ಹೊರದೂಡಲ್ಪಟ್ಟವನು ಭಿಕ್ಷೆಗೆ ಕೈಯೊಡ್ಡದೆ ತನ್ನ ಬೆವರಿನಿಂದ ಉಣ್ಣುವಂತಾಯಿತು. ದುಡಿಮೆಯು ಕೀಳಲ್ಲ, ಅದು ದೇವರ ಆಜ್ಞೆಗೆ ಒಳಪಟ್ಟ ಕರ್ತವ್ಯ ಎಂಬ ಬೋಧನೆ ಮಾತಿನಲ್ಲಿ ನಿಲ್ಲದೆ ದಿನಚರಿಯಾಯಿತು. ಕೊರಿಂಥದಲ್ಲಿ ಗುಡಾರ ಕಟ್ಟುತ್ತಿದ್ದ ಪೌಲನು ಈ ಜನರಿಗೆ ದೂರದವನಾಗಿ ಕಾಣಲಿಲ್ಲ. ಒಂದೇ ಮಾಡಿನ ಕೆಳಗೆ ಬೇರೆ ಬೇರೆ ಜಾತಿಗಳಿಂದ ಬಂದವರು ಒಟ್ಟಿಗೆ ಮಣ್ಣು ತುಳಿದು, ಒಟ್ಟಿಗೆ ಊಟಮಾಡಿದರು. ಆ ಕಾಲದ ತುಳುನಾಡಿನಲ್ಲಿ ಇದು ಪ್ರಸಂಗಪೀಠದ ಯಾವ ಮಾತಿಗಿಂತಲೂ ಗಟ್ಟಿಯಾದ ಪ್ರಸಂಗವಾಗಿತ್ತು.

ಆಶ್ರಯದ ಬೆಲೆ

ಆದರೆ ಆಶ್ರಯವು ಎರಡನೆಯ ತಲೆಮಾರಿನ ಕಾಲಕ್ಕೆ ಬೇರೆ ರೂಪವನ್ನು ತಾಳಿತು. ಕೂಲಿಯನ್ನು ಕೊಡುವವರೂ ಕರ್ತನ ಭೋಜನವನ್ನು ಕೊಡುವವರೂ ಒಂದೇ ಸಂಸ್ಥೆಯವರಾಗಿದ್ದರು. ಮನೆ ನಿಂತಿರುವ ಜಾಗ ಮಿಶನ್ನಿನದು, ಮಕ್ಕಳ ಶಾಲೆ ಮಿಶನ್ನಿನದು, ಸಮಾಧಿಯ ಭೂಮಿಯೂ ಮಿಶನ್ನಿನದು. ಇಂಥ ಏರ್ಪಾಡಿನಲ್ಲಿ ಸಭಾಶಿಸ್ತಿಗೆ ಒಳಗಾದವನು ಆತ್ಮಿಕ ಎಚ್ಚರಿಕೆಯನ್ನು ಮಾತ್ರ ಕೇಳುತ್ತಿರಲಿಲ್ಲ, ತನ್ನ ಒಲೆಯ ಬೆಂಕಿಯ ಬಗ್ಗೆಯೂ ಭಯಪಡುತ್ತಿದ್ದನು. ಸಭೆಗೆ ವಿಧೇಯನಾಗಿರುವುದು ಎಲ್ಲಿ ಮುಗಿಯುತ್ತದೆ, ಧಣಿಗೆ ವಿಧೇಯನಾಗಿರುವುದು ಎಲ್ಲಿ ಮೊದಲಾಗುತ್ತದೆ ಎಂಬ ಗೆರೆ ಮಸುಕಾಯಿತು. ಗುತ್ತಿನ ಧಣಿಯ ಅಧೀನದಿಂದ ಬಿಡಿಸಿಕೊಂಡು ಬಂದವರು ಇನ್ನೊಬ್ಬ ಧಣಿಯ ಅಂಗಳದಲ್ಲಿ ನಿಂತಂತಾಯಿತು. ಈ ಧಣಿ ದಯಾಳು, ನ್ಯಾಯವಂತ, ಪ್ರಾರ್ಥನಾಶೀಲ, ಆದರೂ ಧಣಿಯೇ.

ಕಾರ್ಖಾನೆಗಳು ಕ್ರೈಸ್ತರನ್ನು ಪಟ್ಟಣದ ಕೆಲವು ಗುಡ್ಡಗಳಲ್ಲಿಯೂ ಬಯಲುಗಳಲ್ಲಿಯೂ ಒಟ್ಟುಗೂಡಿಸಿದವು. ಇದರಿಂದ ಆರಾಧನೆ, ಸಂಗೀತ, ಶಿಕ್ಷಣಗಳಿಗೆ ಬಲ ಬಂದಿತು. ಆದರೆ ಊರೂರಿನಲ್ಲಿ ಚದರಿ, ನೆರೆಹೊರೆಯವರ ನಡುವೆ ಬಾಳಿ, ಹುಳಿಯಂತೆ ಹಿಟ್ಟಿನೊಳಗೆ ಕೆಲಸಮಾಡಬೇಕಾಗಿದ್ದ ಸಭೆಯು ತನ್ನದೇ ಆವರಣದ ಒಳಗೆ ಉಳಿಯಿತು. ಸುತ್ತಣ ಜನರ ದೃಷ್ಟಿಯಲ್ಲಿ ಕ್ರೈಸ್ತನಾಗುವುದೆಂದರೆ ಮಿಶನ್ನಿನ ಕೆಲಸಗಾರನಾಗುವುದೆಂಬ ಅರ್ಥ ಬಂದಿತು.

ಇದರ ಪರಿಣಾಮ ಬಿಲ್ಲವ ಸಮಾಜದಲ್ಲಿಯೇ ಕಾಣಿಸಿತು. ಆ ಸಮಾಜದಲ್ಲಿ ಮಾನದ ಹಸಿವು ಬಲವಾಗಿತ್ತು. ದೇವಾಲಯದ ಹೊರಗೆ ನಿಲ್ಲಬೇಕಾದ ಅವಮಾನವನ್ನು ಕೊನೆಗಾಣಿಸಲು ಅವರ ಮುಖಂಡರು ದಾರಿಗಳನ್ನು ಹುಡುಕುತ್ತಿದ್ದರು. 1870ರಲ್ಲಿ ಅರಸಪ್ಪ ಎಂಬ ಬಿಲ್ಲವ ಮುಖಂಡರು ಕೇಶವಚಂದ್ರ ಸೇನರ ಬ್ರಹ್ಮಸಮಾಜವನ್ನು ಮಂಗಳೂರಿಗೆ ಕರೆದರು. ಕೊನೆಗೆ 1912ರಲ್ಲಿ ಕುದ್ರೋಳಿಯಲ್ಲಿ ಗೋಕರ್ಣನಾಥನ ದೇವಾಲಯವನ್ನು ಬಿಲ್ಲವರು ಕಟ್ಟಿದರು. ನಾರಾಯಣ ಗುರುಗಳು ಅದನ್ನು ಪ್ರತಿಷ್ಠಾಪಿಸಿದರು. ಮಿಶನ್ನಿನ ಹಂಚಿನ ಕಾರ್ಖಾನೆಯಿದ್ದ ಕುದ್ರೋಳಿಯಲ್ಲಿಯೇ ಇದು ನಡೆಯಿತು. ಕುಟುಂಬವನ್ನೂ ಕುಲವನ್ನೂ ಬಿಟ್ಟುಬಂದವನಿಗೆ ಮಿಶನ್ ಮಾನವನ್ನು ಕೊಟ್ಟಿತ್ತು. ಇದ್ದಲ್ಲಿಯೇ ಇದ್ದು, ಒಟ್ಟಾಗಿ ಎದ್ದುನಿಲ್ಲುವ ಮಾನವನ್ನು ಗುರುಗಳು ಕೊಟ್ಟರು. ಎಂಬತ್ತು ವರ್ಷಗಳ ಸೇವೆಯ ಬಳಿಕ ಈ ದೊಡ್ಡ ಸಮಾಜದ ಬಹುಭಾಗವು ಸಭೆಯ ಕಡೆಗೆ ತಿರುಗದೆ ಹೋದುದನ್ನು ನಾವು ಹಿನ್ನಡೆಯೆಂದೇ ಬರೆದಿಡಬೇಕು. ಅದನ್ನು ಇತರರ ಹಟಮಾರಿತನದ ಮೇಲೆ ಹೊರಿಸುವುದು ನ್ಯಾಯವಲ್ಲ.

1914ರ ಪರೀಕ್ಷೆ

ಮಿಶನರಿ ಇಲ್ಲದೆ ಸಭೆಯು ನಿಲ್ಲಬಲ್ಲುದೇ ಎಂಬ ಪ್ರಶ್ನೆಯನ್ನು ಯಾರೂ ಬಯಸದ ರೀತಿಯಲ್ಲಿ ಯುದ್ಧವು ಎತ್ತಿತು. 1914ರ ಆಗಸ್ಟಿನಲ್ಲಿ ಬ್ರಿಟನ್ ಮತ್ತು ಜರ್ಮನಿಗಳ ನಡುವೆ ಯುದ್ಧ ಹೊತ್ತಿಕೊಂಡಾಗ ಬಾಸೆಲ್ ಮಿಶನ್ನಿನ ಬಹುಮಂದಿ ಸೇವಕರು ಶತ್ರುದೇಶದ ಪ್ರಜೆಗಳಾದರು. ಜರ್ಮನ್ ಮಿಶನರಿಗಳನ್ನು ಅಹಮದನಗರದ ಶಿಬಿರದಲ್ಲಿ ಬಂಧನದಲ್ಲಿರಿಸಲಾಯಿತು. ಮುಂದೆ ಅವರನ್ನೂ ಅವರ ಕುಟುಂಬಗಳನ್ನೂ ಹಡಗಿನಲ್ಲಿ ಯುರೋಪಿಗೆ ಕಳುಹಿಸಲಾಯಿತು. ಕೈಗಾರಿಕೆಗಳು ಮಿಶನ್ನಿನ ಕೈತಪ್ಪಿ, 1919ರಲ್ಲಿ ಕಾಮನ್‌ವೆಲ್ತ್ ಟ್ರಸ್ಟ್ ಎಂಬ ಬ್ರಿಟಿಷ್ ಸಂಸ್ಥೆಯ ವಶವಾದವು.

ಇದೇ ವರ್ಷದ ವರ್ಸೇಲ್ಸ್ ಒಪ್ಪಂದದ 438ನೆಯ ಪರಿಚ್ಛೇದವನ್ನು ನಮ್ಮ ವಿದ್ಯಾರ್ಥಿಗಳು ಗಮನಿಸಬೇಕು. ಜರ್ಮನ್ ಮಿಶನ್ನುಗಳ ಆಸ್ತಿಯೂ, ಲಾಭವನ್ನು ಮಿಶನ್ನಿಗೆ ಮೀಸಲಿಟ್ಟ ವ್ಯಾಪಾರ ಸಂಸ್ಥೆಗಳ ಆಸ್ತಿಯೂ ಮಿಶನ್ ಉದ್ದೇಶಕ್ಕೇ ಸಲ್ಲಬೇಕು, ಸರ್ಕಾರಗಳು ನೇಮಿಸುವ ಇಲ್ಲವೆ ಒಪ್ಪುವ ಟ್ರಸ್ಟಿಗಳಿಗೆ ಅದನ್ನು ಒಪ್ಪಿಸಬೇಕು, ಆ ಟ್ರಸ್ಟಿಗಳು ಆ ಮಿಶನ್ನಿನ ವಿಶ್ವಾಸದವರೇ ಆಗಿರಬೇಕು ಎಂಬುದು ಅದರ ಸಾರಾಂಶ. ಜೆಪ್ಪುವಿನ ಮಣ್ಣಿನಿಂದ ಬೆಳೆದ ಸೊತ್ತಿನಂಥದರ ಭವಿಷ್ಯವು ಫ್ರಾನ್ಸಿನ ಒಂದು ಅರಮನೆಯಲ್ಲಿ ನಿರ್ಧಾರವಾಯಿತು. ಆ ಮಣ್ಣನ್ನು ತುಳಿದ ಸಭೆಯ ಹೆಸರು ಆ ಪರಿಚ್ಛೇದದಲ್ಲಿಲ್ಲ. ಅರ್ಧ ಶತಮಾನ ದುಡಿದವರು ಆ ಆಸ್ತಿಯ ವಿಷಯದಲ್ಲಿ ಮಾತಾಡುವ ಹಕ್ಕನ್ನು ಎಂದೂ ಹೊಂದಿರಲಿಲ್ಲವೆಂಬುದು ಅಂದು ಬಯಲಾಯಿತು. ಈ ಕೊರತೆಯ ಹೊಣೆ ಯುದ್ಧದ ಮೇಲಿಲ್ಲ. ಅದು ಅದಕ್ಕಿಂತ ಹಿಂದಿನ ದೀರ್ಘ ಶಾಂತಿಕಾಲದಲ್ಲಿ ಮಾಡದೆ ಬಿಟ್ಟ ಕೆಲಸ.

ಆದರೂ ಸಭೆಯು ಚದರಲಿಲ್ಲ. ಬಲ್ಮಠದ ಸೆಮಿನರಿಯಲ್ಲಿ ತರಬೇತಿ ಹೊಂದಿದ್ದ ದೇಶೀಯ ಸಭಾಪಾಲಕರೂ ಉಪದೇಶಿಗಳೂ ಪ್ರಸಂಗಪೀಠಗಳನ್ನು ತುಂಬಿದರು. ಶಾಲೆಗಳ ಗಂಟೆಗಳನ್ನು ಅಧ್ಯಾಪಕರು ಬಾರಿಸುತ್ತಲೇ ಇದ್ದರು. ಸ್ವಿಟ್ಜರ್ಲೆಂಡಿನ ಫ್ರೆಂಚ್ ಭಾಷೆಯ ಭಾಗದ ವಿಶ್ವಾಸಿಗಳು ಕನರೀಸ್ ಇವ್ಯಾಂಜೆಲಿಕಲ್ ಮಿಶನ್ ಎಂಬ ಹೆಸರಿನಿಂದ ನೆರವಿಗೆ ಬಂದರು. 1920ರ ದಶಕದಲ್ಲಿ ಬಾಸೆಲ್ಲಿನ ಸೇವಕರು ಮರಳಿ ಬರಲು ಸಾಧ್ಯವಾದಾಗ ಅವರು ಕಂಡ ಸಭೆ ಬೇರೆಯಾಗಿತ್ತು: ಬಡವಾಗಿತ್ತು, ಆದರೆ ತನ್ನ ಕಾಲಿನ ಮೇಲೆ ನಿಂತು ನೋಡಿದ ಅನುಭವ ಅದಕ್ಕಿತ್ತು. 1947ರ ಸೆಪ್ಟೆಂಬರ್ 27ರಂದು ದಕ್ಷಿಣ ಭಾರತ ಸಭೆಯು ಉದಯವಾಗಿ, ಬಾಸೆಲ್ ಪರಂಪರೆಯ ಸಭೆಗಳು ಹಂತಹಂತವಾಗಿ ಆ ಐಕ್ಯದೊಳಗೆ ಬರಲು ಈ ಅನುಭವವೂ ಒಂದು ತಯಾರಿಯಾಗಿತ್ತು.

ಲೆಕ್ಕಕ್ಕೆ ಸಿಗದೆ ಉಳಿದುದು

ಮಿಶನ್ ಸಂದೇಹದಿಂದ ನೋಡಿದ ಕೆಲಸಗಳಲ್ಲಿ ಕೆಲವು ಅತಿ ದೀರ್ಘಕಾಲ ಬಾಳಿದವೆಂಬುದು ಈ ಚರಿತ್ರೆಯ ಇನ್ನೊಂದು ಪಾಠ. ಮೊಗ್ಲಿಂಗರು ಸಮಿತಿಯ ಇಚ್ಛೆಗೆ ಕಾಯದೆ ಕೊಡಗಿಗೆ ಹೋದರು. ಆನಂದಪುರದಲ್ಲಿ ಹೊಲೆಯರಿಗಾಗಿ ವಸಾಹತು ಕಟ್ಟಿದರು. 1860ರಲ್ಲಿ ಭಾರತವನ್ನು ಬಿಟ್ಟರು. ಕೊಡಗಿನ ಸಮಾಜವು ಅವರ ಬೋಧನೆಗೆ ಓಗೊಡಲಿಲ್ಲ. ಠಾಣೆಗಳ ವರದಿಯಲ್ಲಿ ಅದು ಸಣ್ಣ ಫಲ. ಆದರೆ ಅವರು ಅಚ್ಚುಹಾಕಿಸಿದ ಹಳೆಯ ಕನ್ನಡ ಗ್ರಂಥಗಳ ಮಾಲೆಯೂ ಅವರ ಪತ್ರಿಕೆಯೂ ಕನ್ನಡ ಮುದ್ರಣದ ಚರಿತ್ರೆಯಲ್ಲಿ ಮೊದಲ ಪುಟಗಳಾಗಿವೆ.

1853ರಲ್ಲಿ ಬಂದ ಫೆರ್ಡಿನಾಂಡ್ ಕಿಟೆಲರು ಪುಸ್ತಕಗಳ ನಡುವೆ ಕಾಲ ಕಳೆಯುವುದನ್ನು ಅವರ ಸಹೋದ್ಯೋಗಿಗಳಲ್ಲಿ ಕೆಲವರು ಮೆಚ್ಚಲಿಲ್ಲ. ಅವರು ಕ್ರಿಸ್ತನ ಚರಿತ್ರೆಯನ್ನು ದೇಶೀಯ ಛಂದಸ್ಸಿನಲ್ಲಿ 'ಕಥಾಮಾಲೆ'ಯಾಗಿ ರಚಿಸಿದರು. ಕೇಶಿರಾಜನ ವ್ಯಾಕರಣವನ್ನೂ ನಾಗವರ್ಮನ ಛಂದಸ್ಸನ್ನೂ ಸಂಪಾದಿಸಿದರು. 1894ರಲ್ಲಿ ಸುಮಾರು 70 ಸಾವಿರ ಶಬ್ದಗಳ ಕನ್ನಡ–ಇಂಗ್ಲಿಷ್ ನಿಘಂಟನ್ನು ಹೊರತಂದರು. ಇಂದು ಕಿಟೆಲರ ಹೆಸರನ್ನು ಕ್ರೈಸ್ತೇತರ ಕನ್ನಡಿಗರು ನಮಗಿಂತ ಹೆಚ್ಚು ಪ್ರೀತಿಯಿಂದ ಹೇಳುತ್ತಾರೆ.

ತುಳುವಿನ ವಿಷಯ ಇನ್ನೂ ವಿಚಿತ್ರವಾಗಿದೆ. ಭೂತಾರಾಧನೆಯನ್ನು ಪಿಶಾಚನ ಕೆಲಸವೆಂದು ಖಂಡಿಸಿದ ಮಿಶನ್ನಿನವರೇ ಆದ ಔಗುಸ್ಟ್ ಮೆನ್ನರರು ಭೂತಗಳ ಪಾಡ್ದನಗಳನ್ನು ಸಂಗ್ರಹಿಸಿ 1886ರಲ್ಲಿ ಮುದ್ರಿಸಿದರು. ಅದೇ ವರ್ಷ ತುಳು–ಇಂಗ್ಲಿಷ್ ನಿಘಂಟನ್ನೂ ಕೊಟ್ಟರು. ಅದಕ್ಕೂ ಮೊದಲು 1847ರಲ್ಲಿಯೇ ತುಳುವಿನ ಹೊಸ ಒಡಂಬಡಿಕೆ ಹೊರಬಂದಿತ್ತು. 1872ರಲ್ಲಿ ಬ್ರಿಗೆಲರ ವ್ಯಾಕರಣ ಬಂದಿತು. ಅಳಿಸಬೇಕೆಂದಿದ್ದುದನ್ನು ಬರೆದಿಟ್ಟು ಉಳಿಸಿದಂತಾಯಿತು. ತೀರ್ಪಿನಲ್ಲಿ ಅವರು ಕಠೋರರಾಗಿದ್ದರು. ಕೇಳಿಸಿಕೊಳ್ಳುವುದರಲ್ಲಿ ಮಾತ್ರ ಪ್ರಾಮಾಣಿಕರಾಗಿದ್ದರು. ಆ ಪ್ರಾಮಾಣಿಕತೆಯು ಅವರ ತೀರ್ಪಿಗಿಂತ ಹೆಚ್ಚು ಕಾಲ ಬಾಳಿತು.

ಈ ಕೆಲಸಗಳಿಗೂ ಕಾರ್ಖಾನೆಗೂ ಇರುವ ಭೇದವನ್ನು ನಾವು ಹೀಗೆ ಹೇಳಬಹುದು. ನಿಘಂಟನ್ನು ಕೊಟ್ಟವನು ಅದನ್ನು ಹಿಂದಕ್ಕೆ ತೆಗೆದುಕೊಳ್ಳಲಾರನು. ಅದು ಅಚ್ಚಾದ ದಿನವೇ ಓದುವವನ ಸ್ವತ್ತಾಗುತ್ತದೆ. ಸತ್ಯವೇದದ ಅನುವಾದ, ಸಂಗೀತ, ಅಕ್ಷರವಿದ್ಯೆ, ಅಭಿಷೇಕ ಹೊಂದಿದ ದೇಶೀಯ ಸೇವಕ – ಇವೆಲ್ಲವೂ ಅಂಥ ಕೊಡುಗೆಗಳು. ಕಾರ್ಖಾನೆಯ ಕೀಲಿಕೈಯಾದರೋ ಕೊಟ್ಟವನ ಕೈಯಲ್ಲಿಯೇ ಉಳಿಯಿತು. ಅವನ ಕೈಯಿಂದ ಬೇರೊಬ್ಬನ ಕೈಗೆ ಹೋಯಿತು. ಪರದೇಶದ ಸೇವೆಯಲ್ಲಿ ಯಾವುದನ್ನು ಪಡೆದವನಿಗೇ ಪೂರ್ತಿಯಾಗಿ ಒಪ್ಪಿಸಲಾಯಿತೋ ಅದು ಉಳಿದಿದೆ; ಯಾವುದನ್ನು ಅವನ ಹಿತಕ್ಕಾಗಿಯೇ ಕೊಟ್ಟವನು ಹಿಡಿದಿಟ್ಟುಕೊಂಡನೋ ಅದು ಕಳೆದುಹೋಗಿದೆ. ಪ್ರೀತಿಯಿಂದ ಹಿಡಿದಿಟ್ಟುಕೊಂಡುದಕ್ಕೂ ಇದೇ ಗತಿಯಾಯಿತು.

ನಮಗಿರುವ ಪ್ರಶ್ನೆ

ಈ ಚರಿತ್ರೆಯನ್ನು ಹಿರಿಯರ ದೋಷಗಳನ್ನು ಎಣಿಸಲು ನಾವು ಬರೆದಿಲ್ಲ. ಹಸಿದು ಬಂದವನಿಗೆ ಅಂದೇ ಕೂಲಿ ಕೊಡದೆ, ಸ್ವಾವಲಂಬನೆಯ ತತ್ತ್ವವನ್ನು ಬೋಧಿಸಿ ಕಳುಹಿಸಿದ್ದರೆ ಅದು ಸುವಾರ್ತೆಯಾಗುತ್ತಿರಲಿಲ್ಲ. ತಪ್ಪು ಆಶ್ರಯ ಕೊಟ್ಟುದರಲ್ಲಿಲ್ಲ. ಆಶ್ರಯವು ಯಾವಾಗ ಮುಗಿಯಬೇಕು, ಮಗನು ಯಾವಾಗ ಮನೆಯ ಕೀಲಿಕೈಯನ್ನು ಹಿಡಿಯಬೇಕು ಎಂಬುದನ್ನು ಕಾಲಕಾಲಕ್ಕೆ ಕೇಳಿಕೊಳ್ಳದೆ ಹೋದುದರಲ್ಲಿದೆ.

ಈಗ ಕೀಲಿಕೈಗಳು ನಮ್ಮ ಕೈಯಲ್ಲಿವೆ. ಮಿಶನ್ ಬಿಟ್ಟುಹೋದ ಭೂಮಿ, ಶಾಲೆ, ಆಸ್ಪತ್ರೆಗಳನ್ನು ನಾವು ನಡೆಸುತ್ತಿದ್ದೇವೆ. ನಮ್ಮಲ್ಲಿ ಓದಿದವರು ಬೇರೆ ಭಾಷೆಯ, ಬೇರೆ ಕುಲದ ಜನರ ನಡುವೆ ಸೇವೆಗೆ ಹೋಗುತ್ತಿದ್ದಾರೆ. ಅಂದು ಪಡೆಯುವವರಾಗಿದ್ದ ನಾವು ಇಂದು ಕೊಡುವವರಾಗಿದ್ದೇವೆ. ನಮ್ಮ ಸಂಸ್ಥೆಗಳಲ್ಲಿ ಕೆಲಸಮಾಡುವ ಬಡ ಸದಸ್ಯನು ಸಭೆಯ ಕೂಟದಲ್ಲಿ ನಿರ್ಭಯವಾಗಿ ಎದ್ದು ಮಾತಾಡಬಲ್ಲನೇ? ನಾವು ಸೇವೆಮಾಡುವ ಜನರ ಮಾತನ್ನು ಮೆನ್ನರರಷ್ಟು ತಾಳ್ಮೆಯಿಂದ ಕೇಳಿ ಬರೆದುಕೊಂಡಿದ್ದೇವೆಯೇ? ನಾಳೆ ನಾವು ಅಲ್ಲಿಂದ ಹೊರಡಬೇಕಾಗಿ ಬಂದರೆ ಅವರ ಕೈಯಲ್ಲಿ ಉಳಿಯುವುದೇನು? ವಾರ್ಷಿಕ ವರದಿಯ ಅಂಕಿಗಳನ್ನು ಬರೆಯುವುದಕ್ಕೆ ಮೊದಲು ಈ ಮೂರು ಪ್ರಶ್ನೆಗಳಿಗೆ ನಮ್ಮ ಸಭಾಮಂಡಲಿಗಳು ಉತ್ತರ ಕೊಡುವುದು ಒಳ್ಳೆಯದು.

ಜೆಪ್ಪುವಿನಲ್ಲಿ ಸುಟ್ಟಂಥ ಹಂಚುಗಳು ಈಗಲೂ ಕರಾವಳಿಯ ಅನೇಕ ಹಳೆಯ ಮನೆಗಳ ಮೇಲೆ ಮಳೆಯನ್ನು ತಡೆಯುತ್ತಿವೆ. ಆ ಮನೆಗಳಲ್ಲಿರುವವರು ಯಾವ ಧರ್ಮದವರೆಂದು ಹಂಚು ಕೇಳುವುದಿಲ್ಲ. ಅದನ್ನು ಮಾಡಿದ ಕೈಗಳಿಗೂ ಅಂಥ ಒಂದು ಸ್ವಂತ ಮಾಡು ದೊರೆಯಬೇಕಾಗಿತ್ತು. ಆ ಸಾಲವನ್ನು ತೀರಿಸುವ ಹೊಣೆ ಈಗ ನಮ್ಮದಾಗಿದೆ.